ನೀರಿನ ಪೈಪಿನ ಬಂದೂಕು

ಅಮೆರಿಕದ ಹೇವರ್ಡಿನ ಆ ವರ್ಕ್‌ಶಾಪಿನಲ್ಲಿ ನನ್ನದು ತಪ್ಪು ಹುಡುಕುವ ಕೆಲಸ. ಪಂಪುಗಳಿಗೆ ಬೇಕಾಗುವ ಸಣ್ಣಪುಟ್ಟ ಲೋಹದ ಭಾಗಗಳನ್ನು ಅಲ್ಲಿ ಮಾಡುತ್ತಿದ್ದರು. ಒಂದೊಂದನ್ನೂ ಅಳೆದು, ತಿರುಗಿಸಿ ನೋಡಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟಬೇಕು. ಎಂಬತ್ತರ ದಶಕದ ಮೊದಲಲ್ಲಿ ಗಂಡನ ಹಿಂದೆ ಬಂದವಳು ನಾನು. ಮೈಸೂರಿನಲ್ಲಿ ಮಾಡಿದ್ದ ಬಿ.ಎಸ್ಸಿ.ಯನ್ನು ಅಲ್ಲಿ ಯಾರೂ ಮೂಸಿ ನೋಡಲಿಲ್ಲ. ಈ ಕೆಲಸ ಸಿಕ್ಕಿದ್ದೇ ಪುಣ್ಯ ಎಂದುಕೊಂಡು ಸೇರಿದೆ. ಗಂಡ ಮೌಂಟನ್ ವ್ಯೂನಲ್ಲಿ ಇಂಜಿನಿಯರು. ದಿನಾ ಸೇತುವೆ ದಾಟಿ ಹೋಗಿಬರುತ್ತಿದ್ದರು. "ನಿಂಗೆ ಹೇಳಿ ಮಾಡಿಸಿದ ಜಾಬು ಕಣೇ. ಮನೇಲೂ ಅದನ್ನೇ ತಾನೇ ಮಾಡೋದು?" ಎಂದು ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ನಾನು ಒಂದು ಸಲವೂ ನಕ್ಕವಳಲ್ಲ.

ನನ್ನ ಮೇಜಿನ ಪಕ್ಕದ ಬೆಂಚಿನಲ್ಲಿ ಫಿಲಿಪೀನ್ಸಿನ ಹಿರಿಯರೊಬ್ಬರು ಕೂರುತ್ತಿದ್ದರು. ಅರವತ್ತು ದಾಟಿದ, ಕುಳ್ಳಗಿನ, ಅಚ್ಚುಕಟ್ಟಾದ ಮನುಷ್ಯ. ಯಂತ್ರದಿಂದ ಬಂದ ತುಂಡುಗಳ ಅಂಚಿನಲ್ಲಿ ಉಳಿಯುವ ಚೂಪನ್ನು ಅರ ಹಾಕಿ ತೆಗೆಯುವುದು ಅವರ ಕೆಲಸ. ವರ್ಕ್‌ಶಾಪಿನವರೆಲ್ಲ ಅವರನ್ನು ಮನೋಂಗ್ ಎನ್ನುತ್ತಿದ್ದರು. ಅವರ ಕಡೆ ಅದು ಅಣ್ಣ ಎಂಬ ಮಾತಂತೆ. ನಾನೂ ಹಾಗೇ ಕರೆದೆ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನನ್ನದು ಮೈಸೂರಿನ ಇಂಗ್ಲಿಷು, ಅವರದು ಮನಿಲಾದ ಇಂಗ್ಲಿಷು. ಅಮೆರಿಕದವರಿಗೆ ಎರಡೂ ಅರ್ಥವಾಗುತ್ತಿರಲಿಲ್ಲ, ನಮಗೆ ಮಾತ್ರ ಚೆನ್ನಾಗಿ ಅರ್ಥವಾಗುತ್ತಿತ್ತು.

ಅವರದು ಮಾತು ಕಡಿಮೆ, ನನಗೆ ಕೆದಕುವ ಚಟ. ಊಟದ ಹೊತ್ತಿನಲ್ಲಿ ಎದುರು ಕೂತು ಅವರ ಊರು, ಹೆಂಡತಿ, ಮೀನಿನ ಸಾರು ಎಲ್ಲವನ್ನೂ ಕೇಳುತ್ತಿದ್ದೆ. ಯುದ್ಧದ ಮಾತು ಬಂದರೆ ಮಾತ್ರ ಡಬ್ಬಿ ಮುಚ್ಚಿ ಎದ್ದುಬಿಡುತ್ತಿದ್ದರು.

ಒಂದು ದಿನ ಬೆಳಿಗ್ಗೆ ಅವರು ಕಳಿಸಿದ ತಟ್ಟೆಯಲ್ಲಿ ಕೊಳವೆಯಂಥ ಒಂದು ತುಂಡಿತ್ತು. ಕಿಟಕಿಯ ಬೆಳಕಿಗೆ ಹಿಡಿದಾಗ ಅದರ ಬೆಸುಗೆಯ ಗೆರೆಯುದ್ದಕ್ಕೂ ಕೂದಲೆಳೆಯಷ್ಟು ಬಿರುಕು ಕಂಡಿತು. ಕೆಂಪು ಚೀಟಿ ಕಟ್ಟಿ, "ಮನೋಂಗ್, ಇದನ್ನು ನೀವು ನೋಡಲಿಲ್ಲವಾ? ಕನ್ನಡಕ ಬದಲಾಯಿಸಿ" ಎಂದು ಅಣಕಿಸಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಮುಖ ಬಿಳಿಚಿಕೊಂಡಿತು. ಆ ದಿನ ಊಟದ ಹೊತ್ತಿನಲ್ಲಿ ನಾನು ಏನೂ ಕೇಳಲಿಲ್ಲ. ಅವರೇ ಬಂದು ಕೂತು, ತಮ್ಮಷ್ಟಕ್ಕೆ ಶುರು ಮಾಡಿದರು.

ಜಪಾನಿ ಸೈನ್ಯ ಅವರ ದ್ವೀಪವನ್ನು ಹಿಡಿದಾಗ ಅವರಿಗೆ ಇಪ್ಪತ್ತೆರಡು. ಸೈಕಲ್ಲು, ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದವರು ಬೆಟ್ಟ ಹತ್ತಿ, ಅಡಗಿ ಹೋರಾಡುವವರ ಜೊತೆ ಸೇರಿದರು. ಹೋರಾಡುವವರು ನೂರಾರು ಜನ, ಬಂದೂಕು ಮಾತ್ರ ಬೆರಳೆಣಿಕೆ. ಬಾಂಬು ಬಿದ್ದು ಕುಸಿದ ಮನೆಗಳಿಂದ ನೀರಿನ ಪೈಪು ಕಿತ್ತು ತಂದರು. ಅದಕ್ಕೊಂದು ಮರದ ಹಿಡಿ, ಸಿಕ್ಕಿದ ತಂತಿ, ಸಿಕ್ಕಿದ ಮೊಳೆ. ಹಾಗೆ ಬಂದೂಕು ತಯಾರಾಯಿತು.

"ಬಂದೂಕು ಅನ್ನೋದು ದೊಡ್ಡ ಮಾತು," ಎಂದರು. "ಗುಂಡು ಮುಂದಕ್ಕೆ ಹೋದರೆ ಅದೃಷ್ಟ. ಅದರಿಂದ ಒಬ್ಬ ಸಿಪಾಯಿಯನ್ನು ಹತ್ತಿರದಿಂದ ಹೊಡೆದು, ಅವನ ಕೈಯಲ್ಲಿರೋ ಒಳ್ಳೇ ಬಂದೂಕು ಕಿತ್ಕೊಂಡು ಓಡಿಬರಬೇಕು. ಅಷ್ಟಕ್ಕೇ ಅದು."

ಬೇರೆಯವರು ಮಾಡಿದ್ದು ಕೈಯಲ್ಲೇ ಸಿಡಿದದ್ದಿತ್ತು. ಇವರು ಮಾಡಿದ ಹನ್ನೊಂದರಲ್ಲಿ ಒಂದೂ ಸಿಡಿದಿರಲಿಲ್ಲ. ಆ ಹೆಸರು ತಲೆಗೇರಿತ್ತು. ಹನ್ನೆರಡನೆಯದು ಅವರ ಬಾಲ್ಯದ ಗೆಳೆಯನಿಗೆ, ಪಕ್ಕದ ಮನೆಯವನಿಗೆ. ಅವನಿಗೆ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಬಂದೂಕು ಮುಗಿಯುವ ಹೊತ್ತಿಗೆ ಪೈಪಿನ ಬೆಸುಗೆಯಲ್ಲಿ ಬಿರುಕು ಕಂಡಿತು. ಬೇರೆ ಪೈಪಿರಲಿಲ್ಲ. ಆಗಲಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ಎಣ್ಣೆಯಲ್ಲಿ ಮಸಿ ಕಲಸಿ ಬಿರುಕಿನ ಮೇಲೆ ಬಳಿದು ಕೊಟ್ಟುಬಿಟ್ಟರು. ಗೆಳೆಯ ಖುಷಿಯಿಂದ ಮರದ ಹಿಡಿಯ ಮೇಲೆ ಚಾಕುವಿನಿಂದ ಒಂದು ಚಿತ್ರ ಕೊರೆದುಕೊಂಡ. ಕಂಬಗಳ ಮೇಲೆ ನಿಂತ ಪುಟ್ಟ ಮನೆ, ಅದಕ್ಕೊಂದು ಏಣಿ, ಏಣಿಯ ಪಕ್ಕದಲ್ಲಿ ಬಾಳೆಗಿಡ. ಅವನ ಹೆಂಡತಿಯ ತವರುಮನೆ ಅದು. ನಾಲ್ಕನೇ ದಿನ ಮೊದಲ ಗುಂಡಿಗೇ ಪೈಪು ಸೀಳಿತು. ಗೆಳೆಯನಿಗೆ ಮಧ್ಯಾಹ್ನದ ತನಕ ಉಸಿರಿತ್ತಂತೆ.

ಅವನ ಹೆಂಡತಿಗೆ ಇವರೇ ಹೋಗಿ ಸುದ್ದಿ ಮುಟ್ಟಿಸಿದರು. ನದಿ ದಾಟುವಾಗ ಜಪಾನಿಯರು ಹೊಡೆದರು, ಬಂದೂಕು ನೀರಿಗೆ ಬಿತ್ತು, ಅವನನ್ನು ಬೆಟ್ಟದಲ್ಲೇ ಮಣ್ಣು ಮಾಡಿದೆವು ಎಂದರು. ಯುದ್ಧ ಮುಗಿದ ಮೇಲೆ ಅವಳನ್ನೇ ಮದುವೆಯಾದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಮೊದಲೇ ಅವರ ಮೇಲೆ ಮನಸ್ಸಿತ್ತಾ?" ಎಂದುಬಿಟ್ಟೆ.

"ಇರಲಿಲ್ಲ," ಎಂದರು. "ಆದರೆ ನೀನು ಕೇಳಿದೆಯಲ್ಲ. ಅವಳೂ ಅದನ್ನೇ ಕೇಳ್ತಾಳೆ. ಸಿಡಿಯಿತು ಅಂತ ಮಾತ್ರ ಗೊತ್ತಾದರೆ ಅತ್ತು ಸುಮ್ಮನಾಗ್ತಾಳೆ. ನಾನು ಬಿರುಕು ನೋಡಿದ್ದೆ ಅಂತ ಗೊತ್ತಾದರೆ ಏನಂತ ತಿಳೀತಾಳೆ ಹೇಳು? ಬೇಕಂತಲೇ ಕಳಿಸಿದ ಅಂತ ಅನ್ನಿಸಲ್ವಾ?"

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಕೇಳಿರಲಿಲ್ಲ. ಆದರೂ ಕೊಟ್ಟೆ.

ಅದಾದ ಮೂರು ವರ್ಷ ನಾವು ಆ ಮಾತೆತ್ತಲಿಲ್ಲ. ಅವರ ಹೆಂಡತಿ ಆಗೀಗ ಕಾರಿನಲ್ಲಿ ಬಂದು ಅವರನ್ನು ಕರೆದೊಯ್ಯುತ್ತಿದ್ದರು. ನನ್ನನ್ನು ಕಂಡರೆ ಕಾರಿನ ಕಿಟಕಿ ಇಳಿಸಿ, ಅಕ್ಕಿಹಿಟ್ಟಿನ ಸಿಹಿ ಕೈಗಿಡುತ್ತಿದ್ದರು. ಅವರೆದುರೇ ಒಂದು ಚೂರು ಮುರಿದು ತಿನ್ನುತ್ತಿದ್ದೆ. ಇಷ್ಟು ಒಳ್ಳೆಯ ಹೆಂಗಸಿಗೆ ತನ್ನ ಬದುಕಿನ ಅರ್ಧ ಗೊತ್ತಿಲ್ಲ, ಮೈಸೂರಿನ ಕಡೆಯಿಂದ ಬಂದ ಯಾರೋ ನನಗೆ ಗೊತ್ತಿದೆ ಎಂಬ ಸಂಕಟ.

ಮನೋಂಗ್ ಕೆಲಸದಿಂದ ನಿವೃತ್ತರಾಗುವ ದಿನ ನನ್ನನ್ನು ಹಿಂದಿನ ಬಾಗಿಲಿಗೆ ಕರೆದರು. ಹಳೆಯ ಅಂಗಿಯಲ್ಲಿ ಸುತ್ತಿದ ಒಂದು ಗಂಟು ಕೊಟ್ಟರು. ಬಿಚ್ಚಿದೆ. ಒಂದು ಮೊಳಕ್ಕಿಂತ ಸ್ವಲ್ಪ ಉದ್ದದ ತುಕ್ಕು ಹಿಡಿದ ಪೈಪು, ಒಂದು ತುದಿ ಬಾಳೆಸಿಪ್ಪೆಯಂತೆ ಸುಲಿದುಕೊಂಡಿತ್ತು. ಕೆಳಗೆ ಕಪ್ಪಾದ ಮರ. ಮರದ ಮೇಲೆ ಮನೆ, ಏಣಿ, ಬಾಳೆಗಿಡ.

"ಇಷ್ಟು ದಿನ ಇಲ್ಲಿ ನನ್ನ ಟೂಲ್ ಬಾಕ್ಸಿನ ತಳದಲ್ಲಿತ್ತು. ಇವತ್ತು ಬಾಕ್ಸು ಮನೆಗೆ ಹೋಗುತ್ತೆ. ಅವಳು ಪ್ರತಿಯೊಂದನ್ನೂ ತೆಗೆದು ಒರೆಸಿಡೋಳು."

"ಎಸೆದುಬಿಡಿ ಮನೋಂಗ್."

"ಕಡಲಿನ ತನಕ ಮೂರು ಸಲ ಹೋಗಿದ್ದೆ. ಅದರ ಮೇಲೆ ಅವನ ಕೈಕೆಲಸ ಇದೆ. ಹೇಗೆ ಎಸೀಲಿ?"

ಇಟ್ಟುಕೊಳ್ಳುವುದಿಲ್ಲ ಎನ್ನಬೇಕಿತ್ತು. ದಿನಕ್ಕೆ ಹತ್ತು ಸಲ ಬೇಡ ಎನ್ನುವವಳಿಗೆ ಆ ದಿನ ಬಾಯಿ ಬರಲಿಲ್ಲ. ತಂದು, ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಲ್ಲಿಸುವ ಜಾಗದ ಕಪಾಟಿನಲ್ಲಿ, ಬಣ್ಣದ ಡಬ್ಬಿಗಳ ಹಿಂದೆ ಇಟ್ಟೆ. ಗಂಡನಿಗೆ ವರ್ಕ್‌ಶಾಪಿನ ಸಾಮಾನು ಎಂದೆ. ಅವರು ಮರುಪ್ರಶ್ನೆ ಹಾಕಲಿಲ್ಲ.

ಆ ವರ್ಷ ಮಂಡ್ಯದಿಂದ ನಮ್ಮ ಅತ್ತೆ ಬಂದಿದ್ದರು. ಆಯುಧಪೂಜೆ ಹತ್ತಿರವಾದ ಹಾಗೆ ಅವರಿಗೆ ಎಲ್ಲಿಲ್ಲದ ಹುರುಪು. ಬೂದುಗುಂಬಳ ಸಿಗದೆ, ಮಕ್ಕಳು ಹ್ಯಾಲೋವೀನಿಗೆ ಕೆತ್ತುವ ಕೇಸರಿ ಕುಂಬಳಕಾಯಿಯನ್ನೇ ಗ್ರೋಸರಿಯಿಂದ ತರಿಸಿದ್ದರು. ಪೂಜೆಯ ಶನಿವಾರ ಮಧ್ಯಾಹ್ನ ಊಟಕ್ಕೆ ಬನ್ನಿ ಎಂದು ನಾನು ಮನೋಂಗರನ್ನೂ ಅವರ ಹೆಂಡತಿಯನ್ನೂ ಕರೆದೆ. ನಿವೃತ್ತರಾಗಿ ನಾಲ್ಕು ತಿಂಗಳಾಗಿತ್ತು, ನೋಡಬೇಕೆನಿಸಿತ್ತು. ಕೆಲಸ ಮಾಡುವ ಹತ್ಯಾರುಗಳಿಗೆ ನಾವು ವರ್ಷಕ್ಕೊಂದು ದಿನ ಕೈಮುಗಿಯುತ್ತೇವೆ, ಆ ದಿನ ಅವಕ್ಕೆ ರಜೆ ಎಂದು ಫೋನಿನಲ್ಲಿ ವಿವರಿಸಿದಾಗ ಮನೋಂಗ್, "ಹಾಗಾದರೆ ನನ್ನ ಅರಗಳಿಗೆ ನಲವತ್ತು ವರ್ಷದ ರಜೆ ಬಾಕಿ ಇದೆ" ಎಂದು ನಕ್ಕಿದ್ದರು.

ಆ ಶನಿವಾರ ಬೆಳಿಗ್ಗೆ ನನಗೆ ಓವರ್‌ಟೈಮು ಬಂತು. ಮುಗಿಸಿ ಮನೆಗೆ ಬಂದಾಗ ಪೂಜೆ ಆಗಿಹೋಗಿತ್ತು. ದೇವರ ಮುಂದೆ ಹೊಸ ಟವೆಲು ಹಾಸಿ, ಅಡುಗೆಮನೆಯ ಚಾಕು, ಈಳಿಗೆಮಣೆ, ಕಾರಿನ ಜ್ಯಾಕು, ಗಂಡನ ಸ್ಕ್ರೂಡ್ರೈವರುಗಳು, ನನ್ನ ಹೊಲಿಗೆ ಕತ್ತರಿ ಎಲ್ಲ ಸಾಲಾಗಿ ಮಲಗಿದ್ದವು. ಎಲ್ಲಕ್ಕೂ ಅರಿಸಿನ ಕುಂಕುಮ. ಅವುಗಳ ನಟ್ಟನಡುವೆ ಅದೂ ಇತ್ತು. ಪೈಪು ಫಳಫಳ ಎನ್ನುತ್ತಿತ್ತು. ಮನೆಯ ಮೇಲೆ, ಏಣಿಯ ಮೇಲೆ, ಬಾಳೆಗಿಡದ ಮೇಲೆ ಮೂರು ಕುಂಕುಮದ ಬೊಟ್ಟು.

"ಕೆಳಗಿನ ಬೀರೂನಾಗೆ ಬಿದ್ದಿತ್ತು ಕಣವ್ವ," ಎಂದರು ಅತ್ತೆ. "ಹುಣಿಸೇಹಣ್ಣು ಹಾಕಿ ತಿಕ್ದೆ. ಹೆಂಗೆ ಹೊಳೀತದೆ ನೋಡು. ಮನೇಲಿರೋ ಕಬ್ಬಿಣವ ಒಂದ್ನೂ ಬಿಡಬಾರ್ದು."

"ಅತ್ತೆಮ್ಮ, ಅದು ನಮ್ಮದಲ್ಲ, ತೆಗೀತೀನಿ" ಎಂದು ಬಗ್ಗಿದೆ.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಪೂಜೆ ಆದ್ಮೇಲೆ ಕದಲಿಸಾರೇನವ್ವ? ನಾಳೆ ಬೆಳಗಾಗೋಗಂಟ ಮುಟ್ಬ್ಯಾಡ. ಮನೇಗೆ ಒಳ್ಳೇದಾಗಕಿಲ್ಲ."

ಗಂಡನ ಮುಖ ನೋಡಿದೆ. "ಇರ್ಲಿ ಬಿಡೇ, ಒಂದಿನ ತಾನೇ. ಅಮ್ಮಂಗೆ ಬೇಜಾರಾಗುತ್ತೆ" ಎಂದರು. ಅತ್ತೆಯನ್ನು ಎದುರು ಹಾಕಿಕೊಂಡು, ಕಾರಣ ಹೇಳದೆ, ಅದನ್ನು ಎತ್ತಿಕೊಂಡು ಹೋಗುವ ಧೈರ್ಯ ನನಗಿರಲಿಲ್ಲ. ಕಾರಣ ಹೇಳಿದರೆ ಮಾತು ಮುರಿದಂತೆ. ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ತಟ್ಟೆಯಲ್ಲಿ ಉಳಿದಿದ್ದ ಸೇವಂತಿಗೆ, ಚೆಂಡುಹೂವನ್ನೆಲ್ಲ ಬಾಚಿ ಆ ಪೈಪಿನ ಮೇಲೆ, ಮರದ ಮೇಲೆ ರಾಶಿ ಹಾಕಿದೆ. ಹೂವಿನ ಹೊರತು ಬೇರೇನೂ ಕಾಣದಂತಾಯಿತು. "ನೋಡ್ದಾ, ಈಗ ಭಕ್ತಿ ಬಂತು" ಎಂದರು ಅತ್ತೆ.

ಇಬ್ಬರೂ ಬಂದರು. ಮನೋಂಗ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅವರ ಹೆಂಡತಿ ಹಣ್ಣಿನ ಬುಟ್ಟಿ ತಂದಿದ್ದರು. ಅವರಿಬ್ಬರನ್ನೂ ಸೀದಾ ಊಟದ ಮೇಜಿಗೆ ಕೂರಿಸಲು ನೋಡಿದೆ. ಅತ್ತೆ ಬಿಡಬೇಕಲ್ಲ. ಮನೆಗೆ ಬಂದ ಮುತ್ತೈದೆಗೆ ಮೊದಲು ಕುಂಕುಮ ಕೊಡದಿದ್ದರೆ ಹೇಗೆ? ಆಕೆಯ ಕೈ ಹಿಡಿದು ದೇವರ ಮುಂದೆ ಕರೆತಂದರು. ಹಣೆಗೆ ಕುಂಕುಮ ಇಟ್ಟರು. ಆಮೇಲೆ ಪೂಜೆಯ ಹೂವು ಕೊಡಬೇಕು. ಯಾವ ಹೂವು ತೆಗೆಯುತ್ತಾರೆ? ಎಲ್ಲಿ ಹೆಚ್ಚಿದೆಯೋ ಅಲ್ಲಿಂದ. ನಮ್ಮ ಮನೆಯಲ್ಲಿ ಹುಟ್ಟಿದ ಮಗು ಕೂಡ ಊಹಿಸಬಹುದಾದದ್ದು ನನಗೆ ಹೊಳೆದಿರಲಿಲ್ಲ. ಅತ್ತೆ ಎರಡು ಕೈ ತುಂಬ ಹೂವು ಬಾಚಿ ಎತ್ತಿದರು.

ಆಕೆ ಮುಡಿಗೆ ಹೂವು ಇಡಿಸಿಕೊಳ್ಳಲು ತಲೆ ಬಗ್ಗಿಸಿದ್ದರು. ಬಗ್ಗಿದ ಹಾಗೇ ನಿಂತುಬಿಟ್ಟರು. ನಿಧಾನವಾಗಿ ನೆಲದ ಮೇಲೆ ಕೂತರು. ಕೊರೆದ ಏಣಿಯ ಮೇಲೆ ಬೆರಳಿಟ್ಟು ಒಂದೊಂದೇ ಮೆಟ್ಟಿಲು ಹತ್ತಿಸಿದರು. ಆಮೇಲೆ ಬೆರಳು ಪೈಪಿನ ಸೀಳಿಗೆ ಬಂತು. ತಲೆಯೆತ್ತದೆ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಎರಡೇ ಮಾತು. ಮನೋಂಗ್ ಬಾಗಿಲಿನ ಹತ್ತಿರ ಗೋಡೆ ಹಿಡಿದು ನಿಂತಿದ್ದರು. ಅವರು ನೋಡುತ್ತಿದ್ದದ್ದು ನನ್ನನ್ನು.

ಆ ನೋಟವನ್ನು ನಾನು ಹೇಗೆ ಬರೆಯಲಿ? ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ನಂಬಿ ಕೊಟ್ಟೆನಲ್ಲ ಎಂಬ ನೋಟ ಅದು.

ಅತ್ತೆಗೆ ಇಂಗ್ಲಿಷು ಬರದು, ಅವರ ಭಾಷೆಯಂತೂ ಬರದು. ಆದರೆ ಕೂತ ಹೆಂಗಸಿನ ಮುಖ ಓದಲು ಭಾಷೆ ಬೇಕಿರಲಿಲ್ಲ. "ಯಾರ್ದವ್ವ ಇದು? ಇವಳ ಕಡೇರದ?" ಎಂದು ನನ್ನನ್ನು ಕೇಳಿದರು. ತಲೆಯಾಡಿಸಿದೆ. ಕದಲಿಸಬಾರದೆಂದು ನನ್ನ ಕೈ ಹಿಡಿದಿದ್ದವರು ತಾವೇ ಅದನ್ನು ಎತ್ತಿ, ಸೆರಗಿನಲ್ಲಿ ಕುಂಕುಮ ಒರೆಸಿ, ಆಕೆಯ ತೊಡೆಯ ಮೇಲಿಟ್ಟರು. ಬಂದವರಿಬ್ಬರೂ ಊಟ ಮಾಡದೆ ಹೋದರು. ಆಕೆ ಅದನ್ನು ಮಗುವಿನಂತೆ ಎದೆಗೊತ್ತಿಕೊಂಡು ಮುಂದೆ, ಮನೋಂಗ್ ಹಿಂದೆ. ಒಬ್ಬಟ್ಟು ಹಾಗೇ ಉಳಿಯಿತು.

ಮೂರು ವಾರ ನಾನು ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ವರ್ಕ್‌ಶಾಪಿನಲ್ಲಿ ಕಣ್ಣೆದುರಿನ ತುಂಡುಗಳು ಮಸಕಾಗುತ್ತಿದ್ದವು. ಅತ್ತೆ ಪಾಪ, "ನಂದೇ ತಪ್ಪು ಕಣವ್ವ" ಎಂದು ಕೊರಗಿದರು. ಅವರದೇನೂ ತಪ್ಪಿರಲಿಲ್ಲ, ಹಾಗೆಂದು ಹೇಳಿದೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಮನೋಂಗರ ಹೆಂಡತಿಯೇ ಫೋನು ಮಾಡಿ, "ಬಾ, ಅವರು ಚರ್ಚಿಗೆ ಹೋಗಿದ್ದಾರೆ" ಎಂದರು.

ಹೋದೆ. ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿದರು. ಮುಖ ಇಳಿದುಹೋಗಿತ್ತು.

"ನಿನಗೆ ಇದು ಗೊತ್ತಾಗಿ ಎಷ್ಟು ದಿನ ಆಯಿತು?"

"ಮೂರು ವರ್ಷ."

"ಮೂರು ವರ್ಷ," ಎಂದರು. "ನನ್ನ ಕೈಯಿಂದ ಸಿಹಿ ತಿಂದೆಯಲ್ಲ."

ಕಣ್ಣಲ್ಲಿ ನೀರು ಬಂತು. ಅವರು ಅದನ್ನು ನೋಡಿಯೂ ನೋಡದವರಂತೆ, ಮನೋಂಗ್ ನನಗೆ ಹೇಳಿದ್ದನ್ನೆಲ್ಲ ಮೊದಲಿಂದ ಹೇಳು ಎಂದರು. ಹೇಳಿದೆ. ಬೆಟ್ಟ, ಕಿತ್ತು ತಂದ ಪೈಪು, ಮೊದಲ ಹನ್ನೊಂದು, ಚಾಕುವಿನಲ್ಲಿ ಕೊರೆದ ಮನೆ, ಮಧ್ಯಾಹ್ನದ ತನಕ ಇದ್ದ ಉಸಿರು. ಬಿರುಕಿನ ಮಾತು ಬರುವಲ್ಲಿ ದಾಟಿ ಮುಂದೆ ಹೋದೆ. ಆಕೆ ನಡುವೆ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಕೊಡುವಾಗ ಪೈಪು ಕೆಟ್ಟಿದೆ ಅಂತ ಅವರಿಗೆ ಗೊತ್ತಿತ್ತಾ?"

ಒಂದು ಮಾತಿನಿಂದ ಮೂವತ್ತೊಂಬತ್ತು ವರ್ಷದ ಸಂಸಾರ ಉಳಿಯುತ್ತದೆ ಎನಿಸಿತು. ಈ ಹೆಂಗಸು ಪ್ರತಿ ದಿನ ಆ ಮನುಷ್ಯನ ಎದುರು ಕೂತು ಉಣ್ಣಬೇಕು. ಬೇಕಂತಲೇ ಕಳಿಸಿದನೇ ಎಂಬ ಅನುಮಾನ ಒಮ್ಮೆ ಹೊಕ್ಕರೆ ಸಾಯುವ ತನಕ ಬಿಡುವುದಿಲ್ಲ. ಇಷ್ಟನ್ನು ಅಳೆದು ಸುರಿದು ಯೋಚಿಸಿದೆ ಎಂದು ಈಗ ಬರೆಯುತ್ತಿದ್ದೇನೆ, ಆಗ ಅರೆಗಳಿಗೆಯೂ ಹಿಡಿಯಲಿಲ್ಲ.

"ಇಲ್ಲ," ಎಂದೆ. "ಗೊತ್ತಿರಲಿಲ್ಲ."

ಆಕೆ ನನ್ನ ಮುಖವನ್ನೇ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಸುಳ್ಳಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ.

"ನಿನ್ನೆ ಅವರು ನನಗೆ ಎಲ್ಲಾ ಹೇಳಿದರು," ಎಂದರು ಆಕೆ. "ಬಿರುಕು ನೋಡಿದ್ದು, ಮಸಿ ಬಳಿದದ್ದು, ಎಲ್ಲಾ. ನಾನು ನಂಬಿದೆ. ಬೇಕಂತ ಮಾಡಿದ್ದಲ್ಲ ಅನ್ನೋದನ್ನೂ ನಂಬೋಣ ಅಂದುಕೊಂಡೆ. ಅದಕ್ಕೇ ನಿನ್ನನ್ನು ಕರೆದೆ. ನೀನೂ ಅದೇ ಮಾತು ಹೇಳಿದರೆ ನಂಬಬಹುದು ಅಂತ. ಈಗ ಯಾವುದನ್ನು ನಂಬಲಿ? ನೀವಿಬ್ಬರೂ ಸೇರಿ ಇನ್ನೇನೇನು ಮುಚ್ಚಿಟ್ಟಿದ್ದೀರಿ?"

ಏನೂ ಇಲ್ಲ, ಆಣೆ ಮಾಡಿ ಹೇಳುತ್ತೇನೆ ಎಂದು ಅವರ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡರು. ಅವತ್ತು ಮನೋಂಗ್ ತಾವೇ ನನಗೆ ಹೇಳಿದ್ದು, ಆಗ ನಿಮ್ಮ ಮೇಲೆ ಮನಸ್ಸಿರಲಿಲ್ಲ ಅಂತ, ಹೆಸರು ಕೆಡುತ್ತದೆಂದು ಹೆದರಿ ಕೊಟ್ಟದ್ದು ಅಂತ, ನಿಜವಾಗಿ ನಡೆದದ್ದು ಅಷ್ಟೇ ಎಂದು ಗೋಗರೆದೆ. ನಾನು ಆಡುತ್ತಿದ್ದದ್ದು ಸತ್ಯವೇ ಆಗಿತ್ತು. ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

"ಮತ್ತೆ ಈಗ ಇಲ್ಲ ಅಂದೆಯಲ್ಲ, ಯಾಕೆ?"

"ನಿಮಗೆ ನೋವಾಗಬಾರದು ಅಂತ."

"ಅವರೂ ಇದನ್ನೇ ಹೇಳಿದರು," ಎಂದು ಆಕೆ ಎದ್ದು, ಕುರ್ಚಿಯ ಮೇಲಿದ್ದ ನನ್ನ ಕೋಟನ್ನು ತಂದು ಕೈಗೆ ಕೊಟ್ಟರು.